ಕಮಲಾ ಇರುವಾಗ ಕಮಲಿನಿ

ಲಸಿಕೆ ಹಾಕಿಸಲು ಕಾಯುತ್ತಿದ್ದವರ ಸಾಲಿನಲ್ಲಿ ನನ್ನ ಪಕ್ಕ ಅಕ್ಕತಂಗಿಯರಿಬ್ಬರು ಕೂತಿದ್ದರು. ಕೂಸು ತಂಗಿಯ ಮಡಿಲಲ್ಲಿತ್ತು.

“ಕಮಲಿನಿ ಅಂತ ಇಡ್ತೀನಿ ಕಣೇ ಅಕ್ಕ.”

“ನನ್ನ ಮಗಳು ಕಮಲಾ ಇರುವಾಗ ಇನ್ನೊಂದು ಕಮಲಿನಿ ಯಾಕೆ?”

“ಕಮಲಾ ಅನ್ನೋದು ಅಮ್ಮನ ಹೆಸರು. ನಾನೂ ಅವಳ ಮಗಳೇ ತಾನೇ?”

“ಅಮ್ಮ ‘ಕಮಲೂ’ ಅಂತ ಕೂಗಿದ್ರೆ ಎರಡೂ ಓಡಿ ಬರ್ತವೆ.”

“ಬರಲಿ ಬಿಡು. ಇಷ್ಟು ದಿನ ನಿನ್ನ ಮಗಳೊಬ್ಬಳೇ ಓಡಿ ಹೋಗ್ತಿದ್ಲು. ನನ್ನ ಬಾಣಂತನಕ್ಕೆ ಬಂದ ಅಮ್ಮ, ನಿನ್ನ ಮಗಳಿಗೆ ನೆಗಡಿ ಅಂತ ಅರ್ಧಕ್ಕೇ ಬಿಟ್ಟು ನಿಮ್ಮನೆಗೆ ಹೋದ್ಲು.”

“ನೆಗಡಿಯಲ್ಲ, ಜ್ವರ.”

“ಏನೋ ಒಂದು. ನನಗೆ ಹೊಟ್ಟೆ ಉರಿಯಲ್ವಾ?”

ಅಕ್ಕ ಮಗುವಿನ ಟೋಪಿ ಸರಿಸಿ, ಸ್ವಲ್ಪ ಹೊತ್ತು ಅದರ ಮುಖವನ್ನೇ ನೋಡುತ್ತ ಕೂತಳು.

“ನಿನಗೊಬ್ಬಳಿಗೇ ಉರಿಯೋದಾ? ಇದನ್ನ ನೋಡು. ಅಮ್ಮನ ಮೂಗು, ಅಮ್ಮನ ಗಲ್ಲ, ಅಚ್ಚು ಒತ್ತಿದ ಹಾಗಿದೆ. ನನ್ನ ಮಗಳು ಪೂರ್ತಿ ಅವರಪ್ಪನ ಥರ. ಅಮ್ಮಂದು ಅಂತ ಅವಳ ಹತ್ರ ಇರೋದು ಆ ಹೆಸರೊಂದೇ ಕಣೇ.”

ತಂಗಿ ಟೋಪಿಯನ್ನು ಮತ್ತೆ ಎಳೆದು ಮಗುವಿನ ಕಿವಿ ಮುಚ್ಚಿದಳು.

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು ಕೇಳಿದಳು, “ಮಗು ಹೆಸರೇನಮ್ಮ?”

ತಂಗಿ ಒಮ್ಮೆ ಅಕ್ಕನ ಕಡೆ ನೋಡಿದಳು.

“ನಳಿನಿ ಅಂತ ಬರ್ಕೊಳ್ಳಿ.”

“ಏ, ಅದೂ ತಾವರೇನೇ ಅಲ್ವೇನೇ!”

“ಇರಲಿ. ಕೂಗೋಕೆ ಬೇರೆ ಆಯ್ತಲ್ಲ. ಚೀಲ ತಗೊಂಡು ಬಾ.”

ಅಕ್ಕ ಮುಖ ಊದಿಸಿಕೊಂಡೇ ಚೀಲ ಎತ್ತಿಕೊಂಡು, ತಂಗಿಯ ಹಿಂದೆ ಒಳಗೆ ಹೋದಳು.