ವಿಸ್ಕಾನ್ಸಿನ್ನಿನ ಡಾರ್ಲೀನ್

ನಗ್ತೀಯಾ? ನಗು, ನಗು... ಊರೆಲ್ಲಾ ನಗ್ತಾ ಇದೆ, ನೀನೊಬ್ಬ ಯಾಕೆ ಬಾಕಿ! ಇಲ್ಲ ಆರ್ವಿಡ್, ನಾನು ತಮಾಷೆಗೆ ಹೇಳ್ತಾ ಇಲ್ಲ. ಬಟ್ಟೆಬರೆ ತುಂಬಿ ಕಾರಲ್ಲಿ ಇಟ್ಟಾಗಿದೆ. ಶನಿವಾರ ಆ ಡಾರ್ಲೀನ್ ಬಂದು ನಮ್ಮ ಅಂಗಳದಲ್ಲಿ ಇಳಿಯೋ ಹೊತ್ತಿಗೆ ನಾನು ಡುಲೂತ್‌ನಲ್ಲಿ ಮಗಳ ಮನೇಲಿ ಇರ್ತೀನಿ. ನೀನುಂಟು, ನಿನ್ನ ದೋಣಿ ಉಂಟು, ನಿನ್ನ ಡಾರ್ಲೀನ್ ಉಂಟು!

ಮೊದಲು ಆ ಉಪ್ಪುಕಾಗದ ಕೆಳಗಿಡು. ಉಜ್ಜಿದ್ದು ಸಾಕು. ಮೂವತ್ತು ವರ್ಷದಿಂದ ಈ ಶೆಡ್ಡಿನ ಬಾಗಿಲಲ್ಲಿ ನಿಂತು ನಿನ್ನ ಬೆನ್ನಿನ ಜೊತೆ ಸಂಸಾರ ಮಾಡಿದ್ದೀನಿ. ಇವತ್ತೊಂದು ದಿನ ಮುಖ ಈ ಕಡೆ ಮಾಡು... ಹಾಂ. ಹಾಗೆ.

ಏನು ಹುಬ್ಬು ಹಾರಿಸ್ತೀಯ? ಯಾರು ಹೇಳಿದ್ರು ಅಂತಾನಾ? ಪೋಸ್ಟಾಫೀಸಿನ ಬೆವರ್ಲಿ, ಇನ್ಯಾರು! ಸ್ಟಾಂಪು ಹರಿದು ಕೊಡ್ತಾ ಕೊಡ್ತಾ, ಹಿಂದೆ ನಿಂತವರಿಗೆಲ್ಲಾ ಕೇಳೋ ಹಾಗೆ, 'ಏನು ಗೇಲ್, ಶನಿವಾರ ವಿಸ್ಕಾನ್ಸಿನ್ನಿಂದ ನೆಂಟರಂತಲ್ಲ? ಆರ್ವಿಡ್ ವೆಬ್‌ಸೈಟಿನಲ್ಲಿ ಎಷ್ಟು ಚೆನ್ನಾಗಿ ಕರೆದಿದ್ದಾನೆ, ಓದಿ ಕಣ್ಣಲ್ಲಿ ನೀರೇ ಬಂತು ನೋಡು!' ಅವಳ ಕಣ್ಣಲ್ಲಿ ನೀರು! ನಾನು ಏನು ಮಾಡಲಿ ಹೇಳು... ಹಲ್ಲು ಕಿರಿದೆ. 'ಹೌದು ಹೌದು, ರೂಬಾರ್ಬ್ ಪೈ ಮಾಡೋಣ ಅಂತಿದ್ದೀನಿ' ಅಂದೆ. ಗಂಡನ ಗೆಳತಿಗೆ ಪೈ! ನನ್ನ ನಾಲಿಗೆಗೆ ಬೆಂಕಿ ಬೀಳಾ...

ಈ ವೆಬ್‌ಸೈಟು ಯಾಕೆ ಮಾಡಿದ್ವಿ, ನೆನಪಿದೆಯಾ? ದೋಣಿ ರಿಪೇರಿಗೆ ನಾಲ್ಕು ಜನ ಬರಲಿ ಅಂತ. ಎಲ್ಲರೂ ಪ್ಲಾಸ್ಟಿಕ್ ದೋಣಿ ಹಿಡ್ಕೊಂಡು ಹೋದಮೇಲೆ ನಿನ್ನ ಸೀಡರ್ ಮರದ ದೋಣಿ ಯಾರಿಗೆ ಬೇಕಿತ್ತು? ಪಾಪ, ಮಗಳು ಹೈಡಿ ರಜಾ ಹಾಕಿ ಬಂದು, ಫೋಟೋ ತೆಗೆದು, ಎಲ್ಲಾ ಚಂದಾಗಿ ಜೋಡಿಸಿಕೊಟ್ಟಳು. ಒಂದು ನೊಣಾನೂ ಬರಲಿಲ್ಲ. ಆಗ ಅವಳೇ ತಾನೆ ಹೇಳಿದ್ದು? 'ಅಪ್ಪಾ, ಬರೀ ಬೋರ್ಡು ತಗಲಿಸಿದ್ರೆ ಯಾರು ತಿರುಗಿ ನೋಡ್ತಾರೆ? ಲೇಖನ ಬರಿ. ದೋಣಿಗೆ ಹೊದಿಸಿದ ಕ್ಯಾನ್ವಾಸು ಹರಿದ್ರೆ ಏನು ಮಾಡೋದು, ಹಲಗೆ ಬಿರಿದ್ರೆ ಏನು ಮಾಡೋದು ಅಂತ ಜನ ಕಂಪ್ಯೂಟರಿನಲ್ಲಿ ಹುಡುಕ್ತಾನೇ ಇರ್ತಾರೆ. ಉತ್ತರ ನಿನ್ನ ಹತ್ರ ಸಿಕ್ಕಿದ್ರೆ ಓದ್ತಾರೆ, ಓದಿದವರು ನಿನ್ನನ್ನೇ ಹುಡುಕ್ಕೊಂಡು ಬರ್ತಾರೆ.' ನಾನು ಬಿದ್ದು ಬಿದ್ದು ನಕ್ಕೆ ಅವತ್ತು. ನೀನು ಬರೆಯೋದಾ! ಮದುವೆ ದಿನದ ಕಾರ್ಡಿನಲ್ಲೂ ಬರೀ 'ಆರ್ವಿಡ್' ಅಂತ ಗೀಚಿ ಕೊಡೋ ಗಂಡಸು!

ಬರೆದೆ ನೀನು. ಅದೇ ನನಗೆ ಉರಿ!

ಬಾಯಿಪಾಠ ಇದೆ ನನಗೆ, ಹೇಳಲಾ? 'ಹಬೆಯಲ್ಲಿಟ್ಟ ಹಲಗೆಯನ್ನು ಅವಸರ ಮಾಡಿ ಬಗ್ಗಿಸಬೇಡಿ. ಬಗ್ಗಲು ಅದು ತಾನಾಗಿ ಒಪ್ಪಬೇಕು. ಒಪ್ಪಿದ್ದು ನಿಮ್ಮ ಕೈಗೆ ಗೊತ್ತಾಗುತ್ತದೆ, ಅಲ್ಲಿಯವರೆಗೆ ಕಾಯಿರಿ.' ಅಬ್ಬಬ್ಬಾ... ಹಲಗೆ ಮೇಲೆ ಏನು ತಾಳ್ಮೆ, ಏನು ಮರ್ಯಾದೆ! ನನ್ನ ಮಾತು ಮುಗಿಯೋವರೆಗೆ ಒಂದು ದಿನ ಕಾದಿದ್ದೀಯಾ ನೀನು? ಊಟಕ್ಕೆ ಕೂತ್ರೆ ಹಾಟ್‌ಡಿಶ್ ಪಾತ್ರೆ ಕಡೆ ಬೆರಳು ತೋರಿಸ್ತೀಯ, ಉಪ್ಪಿನ ಕಡೆ ಬೆರಳು ತೋರಿಸ್ತೀಯ. ಈ ಮಾತೆಲ್ಲಾ ಎಲ್ಲಿ ಬಚ್ಚಿಟ್ಟಿದ್ದೆ ಮಹಾರಾಯ? ನನಗೆ ಒಂದು ಚೂರು ಉಳಿಸದೆ ಕಂಡಕಂಡವರಿಗೆ ಹಂಚೋಕೆ?

ಹೋಗಲಿ. ಲೇಖನ, ಎಲ್ಲರೂ ಓದ್ತಾರೆ ಅಂದ್ಕೊಂಡೆ. ಆಮೇಲೆ ಬಂದಳಲ್ಲ ಅವಳು... ವಿಸ್ಕಾನ್ಸಿನ್ನಿನ ಡಾರ್ಲೀನ್! ಲೇಖನದ ಕೆಳಗೆ ಮೊಟ್ಟಮೊದಲ ಪ್ರಶ್ನೆ. 'ನನ್ನ ಹತ್ತಿರ ತಾತನ ಕಾಲದ ಹಸಿರು ದೋಣಿಯೊಂದಿದೆ, ಒದ್ದೆ ನಾಯಿಯ ವಾಸನೆ ಹೊಡೆಯುತ್ತದೆ, ಏನು ಮಾಡಲಿ?' ಎರಡು ಸಾಲಿನ ಪ್ರಶ್ನೆ. ನಿನ್ನ ಉತ್ತರ? ಒಂದು ಗಜ ಉದ್ದ! ಕ್ಯಾನ್ವಾಸು ಬಿಚ್ಚೋದು ಹೇಗೆ, ಒಣಗಿಸೋದು ಹೇಗೆ, ಕೊನೇಲಿ, 'ಹಳೆಯ ದೋಣಿಯ ವಾಸನೆ ಕೆಟ್ಟದ್ದಲ್ಲ ಡಾರ್ಲೀನ್, ಅದು ಎಲ್ಲೆಲ್ಲಿಗೆ ಹೋಗಿ ಬಂದಿತ್ತೋ ಅದರ ನೆನಪು.' ಅಯ್ಯೋ ಅಯ್ಯೋ! ಆವತ್ತು ರೇಜರು ತಗೊಂಡು ಗಡ್ಡ ಬೇರೆ ಕೆರ್ಕೊಂಡೆ. ಕಂಪ್ಯೂಟರಿಗೆ ನಿನ್ನ ಕೆನ್ನೆ ಕಾಣುತ್ತಾ?

ಮತ್ತೆ ನಗ್ತಾನೆ ನೋಡು! ಏನು ನಗು ಇದರಲ್ಲಿ?

ಆಮೇಲೆ ನೀನು ಲೇಖನ ಬರೆದರೆ ಸಾಕು, ಕೆಳಗೆ ಅವಳು. ಅವಳು ಕೇಳೋದು, ನೀನು ಹೇಳೋದು. ಜನಕ್ಕೆ ಲೇಖನಕ್ಕಿಂತ ಅದೇ ರುಚಿ ಹತ್ತಿಬಿಡ್ತು. ಅಯೋವಾದಿಂದ ಬಂದ್ರು, ಮಿಶಿಗನ್‌ನಿಂದ ಬಂದ್ರು, ಕಾರಿನ ನೆತ್ತಿ ಮೇಲೆ ಮುರುಕಲು ದೋಣಿ ಕಟ್ಟಿಕೊಂಡು. ಬರಲಿ, ಸಂತೋಷ, ಅದಕ್ಕೇ ತಾನೆ ಮಾಡಿದ್ದು? ಆದ್ರೆ ಆ ಮಿಶಿಗನ್ ಹೆಂಗಸು... ನೀನು ಒಳಗಿದ್ದೆ, ನಿನಗೆ ಗೊತ್ತಿಲ್ಲ ಇದು. ನಾನು ಕಾಫಿ ಹಿಡ್ಕೊಂಡು ಹೋದೆ. ನನ್ನನ್ನ ನೋಡಿ ಅವಳ ಮುಖ ಅರಳಿಬಿಡ್ತು. 'ನೀವೇ ಏನು ಡಾರ್ಲೀನ್?' ಅಂದಳು! ನನ್ನ ಮನೆ ಮೆಟ್ಟಿಲ ಮೇಲೆ ನಿಂತ್ಕೊಂಡು! 'ಇಲ್ಲ, ನಾನು ಬರೀ ಹೆಂಡತಿ' ಅಂದೆ. 'ಓ...' ಅಂದಳು ಆರ್ವಿಡ್. ಬರೀ 'ಓ'. ಪಾತ್ರೆ ಮಾರೋಳಿಗೆ ಬೇಡ ಅಂದ್ರೆ ಮುಖ ಸಪ್ಪೆ ಮಾಡ್ತಾಳಲ್ಲ, ಹಾಗೆ.

ಅದನ್ನೂ ನುಂಗಿಕೊಂಡೆ. ಆದ್ರೆ ಸರೋವರದ ಮಾತು... ಅದನ್ನ ನುಂಗೋಕಾಗಲಿಲ್ಲ ನನಗೆ.

'ನಿಮ್ಮ ಜೊತೆ ನೀರಿನ ಮೇಲೆ ಯಾರು ಬರುತ್ತಾರೆ?' ಅಂತ ಕೇಳಿದಳು ಅವಳು. ನೀನೇನು ಬರೆದೆ? 'ಯಾರೂ ಇಲ್ಲ. ಹಿಂದೊಮ್ಮೆ ಒಬ್ಬಳನ್ನು ಕರೆದುಕೊಂಡು ಹೋಗಿದ್ದೆ. ಗಾಳಿ ಎದ್ದಿತ್ತು, ಹೋಗಬಾರದಿತ್ತು. ನನ್ನ ಕೈಚಳಕ ತೋರಿಸುವ ಹುಚ್ಚಿನಲ್ಲಿ ಹೋದೆ. ದೋಣಿ ಮಗುಚಿತು. ದಡಕ್ಕೆ ಬಂದ ಮೇಲೆ ಅವಳು ನಡುಗುತ್ತಿದ್ದಳು, ನಾನು ನಾಚಿಕೆಗೆ ನಕ್ಕುಬಿಟ್ಟೆ. ಅಂದಿನಿಂದ ಕರೆಯುವ ಧೈರ್ಯ ಬಂದಿಲ್ಲ.'

ಒಬ್ಬಳಂತೆ! ಯಾರಪ್ಪಾ ಆ ಒಬ್ಬಳು? ನಾನು ಕಣೋ, ನಾನು! ಮದುವೆಯಾದ ಮೊದಲ ಬೇಸಿಗೆ. ಹಿಮ ಕರಗಿದ ನೀರು, ಎಲುಬಿಗೆ ಇಳಿದಿತ್ತು ಚಳಿ. ನೀನು ನಕ್ಕಿದ್ದು ನಾಚಿಕೆಗೆ ಅಂತ ನನಗೆ ಗೊತ್ತಾಗಿದ್ದು ಯಾವಾಗ? ಈಗ! ವಿಸ್ಕಾನ್ಸಿನ್ನಿನವಳಿಗೆ ನೀನು ಹೇಳಿದ ಮೇಲೆ! ಇಷ್ಟು ವರ್ಷ ನಾನು ಏನಂದ್ಕೊಂಡಿದ್ದೆ ಗೊತ್ತಾ... ಹೆದರುಪುಕ್ಕಲಿ ಅಂತ ನನ್ನ ಮೇಲೆ ಅಸಹ್ಯ ಆಗಿರಬೇಕು, ಅದಕ್ಕೇ ಮತ್ತೆ ಕರೀಲಿಲ್ಲ ಅಂತ. ಪ್ರತಿ ವರ್ಷ ನೀನು ಹುಟ್ಟು ಹೆಗಲಿಗೇರಿಸಿ ಒಬ್ಬನೇ ಇಳಿದು ಹೋಗ್ತಿದ್ದೆ, ನಾನು ಅಡುಗೆಮನೆ ಕಿಟಕೀಲಿ ನಿಂತು ನೋಡ್ತಿದ್ದೆ. ನನಗೆ ಸೇರಬೇಕಾದ 'ತಪ್ಪಾಯ್ತು' ಅನ್ನೋ ಮಾತನ್ನ ತಗೊಂಡು ಹೋಗಿ ಅವಳ ಕೈಗೆ ಕೊಟ್ಟೆಯಲ್ಲ!

ಕೊಟ್ಟು, ಮೇಲೆ ಕರೆ ಬೇರೆ. ಎಲ್ಲರೂ ಓದೋ ಹಾಗೆ. 'ಈ ಶನಿವಾರ ಹೊಸ ದೋಣಿಯನ್ನು ನೀರಿಗಿಳಿಸುತ್ತೇನೆ. ನೀವು ಬಂದು ಮುಂದೆ ಕುಳಿತುಕೊಳ್ಳಿ, ನಾನು ಹಿಂದೆ ಕುಳಿತು ಹುಟ್ಟು ಹಾಕುತ್ತೇನೆ. ಗಾಳಿ ಇದ್ದರೆ ಹೋಗುವುದು ಬೇಡ.' ಏನು ಕಾಳಜಿ! ಏನು ಮುತುವರ್ಜಿ!

ಅಷ್ಟಕ್ಕೂ ಏನು ಕಂಡೆ ಅವಳಲ್ಲಿ? ದೋಣಿ ಮೇಲೆ ಅವಳಿಗೆ ಭಾರೀ ಪ್ರೀತಿ ಅಂದ್ಕೊಂಡೆಯಾ? ಅವಳ ಹತ್ರ ದೋಣೀನೇ ಇಲ್ಲ! ಹಸಿರು ದೋಣೀನೂ ಇಲ್ಲ, ತಾತನೂ ಇಲ್ಲ! ನಿನ್ನ ಲೇಖನಕ್ಕೆ ವಾರಗಟ್ಟಲೆ ಒಂದು ನರಪಿಳ್ಳೆ ಬರಲಿಲ್ಲ, ದಿನಾ ಬೆಳಗ್ಗೆ ಕಾಫಿ ತಣ್ಣಗಾಗೋವರೆಗೆ ನೀನು ಓದಿದವರ ಲೆಕ್ಕದ ಆ ಸೊನ್ನೆ ನೋಡ್ಕೊಂಡು ಕೂತಿರ್ತಿದ್ದೆ, ಆ ಮುಖ ನೋಡೋಕಾಗದೆ ಬಾಯಿಗೆ ಬಂದದ್ದೊಂದು ಕೇಳಿದಳು, ಅಷ್ಟೇ! ಕನಿಕರಕ್ಕೆ ಕೇಳಿದ್ದು...

ಯಾಕೆ, ನಗು ನಿಂತುಹೋಯ್ತು?

ಅಂದ್ರೆ... ಹಾಗಿರಬಹುದು ಅಂದೆ. ಹೆಂಗಸರ ಬುದ್ಧಿ ಹೆಂಗಸರಿಗೆ ಗೊತ್ತಾಗಲ್ವಾ. ಊಹೆ.

ಹಾಗೆ ನೋಡಬೇಡ. ಏನಾದರೂ ಕೇಳು. 'ನಿನಗೆ ಹೇಗೆ ಗೊತ್ತು ಗೇಲ್' ಅಂತ ಕೇಳು! ಯಾವ ಗಂಡಸಾದರೂ ಕೇಳೋದು ಅದನ್ನೇ ತಾನೆ? ನಾನು ಕಾಫಿ ಕೊಡೋಕೆ ಬಂದಾಗ ನೀನು ಮುಖ ಹೇಗೆ ಇಟ್ಕೊಂಡಿದ್ದೆ ಅನ್ನೋದು ವಿಸ್ಕಾನ್ಸಿನ್ನಿನವಳಿಗೆ ಹೇಗೆ ಗೊತ್ತು ಅಂತ ಕೇಳು... ಕೇಳ್ತಾನೇ ಇಲ್ವಲ್ಲ ನೀನು. ಆಶ್ಚರ್ಯಾನೂ ಇಲ್ಲ ನಿನ್ನ ಮುಖದಲ್ಲಿ...

ನಿನಗೆ ಗೊತ್ತಿತ್ತು, ಡಾರ್ಲೀನ್ ನಾನೇ ಅಂತ.

ಯಾವಾಗಿಂದ? ...ಒಂದು ಬೆರಳು. ಒಂದು ಅಂದ್ರೆ? ಒಂದು ವಾರ? ಒಂದು ತಿಂಗಳು? ಅದೂ ಅಲ್ವಾ... ಮೊದಲನೇ ಪ್ರಶ್ನೆ! ಒದ್ದೆ ನಾಯಿ! ಅಯ್ಯೋ ದೇವರೇ, ಈ ಶೆಡ್ಡಿಗೆ ಕಾಲಿಟ್ಟಾಗಲೆಲ್ಲ ಮೂಗು ಮುಚ್ಚಿಕೊಂಡು ನಾನು ಅನ್ನೋದೇ ಅದು...

ಹಾಗಾದ್ರೆ ಗಡ್ಡ ಕೆರೆದದ್ದು... ಗಾಳಿ ಎದ್ದಿತ್ತು, ಹೋಗಬಾರದಿತ್ತು ಅಂತ ಬರೆದದ್ದು... ಅಷ್ಟೂ ಅವಳಿಗಲ್ಲ. ಒಂದು ಸಾಲೂ ಅವಳಿಗಲ್ಲ.

ಬಿಡು, ಹತ್ರ ಬರಬೇಡ. ಅಳ್ತಾ ಇಲ್ಲ ನಾನು, ವಾರ್ನಿಷ್ ಘಾಟು ಕಣ್ಣಿಗೆ ಹೊಡೀತು.

ನಗಬೇಡ! ಗೊತ್ತಾದ ತಕ್ಷಣ ನನ್ನ ಹೊಟ್ಟೆಕಿಚ್ಚು ಆರಿಹೋಯ್ತು ಅಂದ್ಕೊಂಡೆಯಾ? ಇಲ್ಲ. ನೀನು 'ಪ್ರಿಯ ಡಾರ್ಲೀನ್' ಅಂತಾನೇ ಬರೆದದ್ದು. 'ಪ್ರಿಯ ಗೇಲ್' ಅಂತ ನಿನ್ನ ಕೈಯಿಂದ ಇವತ್ತಿನವರೆಗೆ ನಾನು ಕಂಡಿಲ್ಲ. ಹೋಗು, ಈಗಲೇ ಹೋಗಿ ಕಂಪ್ಯೂಟರಿನ ಮುಂದೆ ಕೂತ್ಕೋ. ಬೆವರ್ಲೀನೂ ಓದಲಿ, ಆ ಮಿಶಿಗನ್ನಿನವಳೂ ಓದಲಿ. ಅವಳಿಗೆ ಬರಿ... ಶನಿವಾರ ಬರೋದು ಬೇಡ, ಮುಂದಿನ ಜಾಗ ಖಾಲಿ ಇಲ್ಲ, ಹೆಂಡತಿ ಕೂತ್ಕೋತಾಳೆ ಅಂತ ಬರಿ.