ಹೆಬ್ಬೆರಳಿನ ಗುಳಿ

ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಮೊಳೆ ಕೊಳ್ಳಲು ಸರದಿ ಕಾಯುತ್ತಿದ್ದ ಬಡಗಿಯ ಮುಂದೆ ಇದ್ದದ್ದು ಒಂದೇ ಜೋಡಿ, ಗಂಡ ಹೆಂಡತಿ. ಅವರೋ ಅಂಗಡಿಯವನ ಗುಜರಿ ಡಬ್ಬ ಸುರಿದುಕೊಂಡು ಕಿಟಕಿಯ ಹಳೇ ಹಿಡಿಗಳನ್ನು ಕೆದಕುತ್ತ ನಿಂತಿದ್ದರು. ಬಡಗಿಗೆ ಮೈಯೆಲ್ಲ ಉರಿಯಿತು.

“ಹೊಸ ಹಿಡಿ ಹಾಕಿಸಿ ನಾಲ್ಕು ದಿನ ಆಗಿಲ್ಲ, ಇಲ್ಲಿ ಗುಜರಿಗೆ ಕೊಟ್ಟ ಹಳೇದನ್ನೇ ಹುಡುಕೋ ಗತಿ ಬಂತು,” ಅಂದಳು ಹೆಂಡತಿ.

“ಕಿಟಕಿ ಗಾಳಿಗೆ ಬಡ್ಕೊಳ್ಳುತ್ತೆ ಅಂತ ನನ್ನ ತಲೆ ತಿಂದೋಳು ಯಾರು?”

“ನಾನೇ. ಅತ್ತೆಗೆ ಒಂದು ಮಾತು ಹೇಳಿ ಅಂತಲೂ ಅಂದಿದ್ದೆ.”

“ಕಣ್ಣು ಕಾಣದೋರಿಗೆ ಯಾವ ಹಿಡಿಯಾದರೇನು ಅಂದ್ಕೊಂಡೆ.”

“ಕೈಗೆ ಕಾಣುತ್ತಲ್ಲ! ಕಿಟಕಿ ಮುಟ್ಟಿ ಮುಟ್ಟಿ, ‘ಇದು ನನ್ನ ಕೋಣೆಯಲ್ಲ, ಮನೆಗೆ ಕರ್ಕೊಂಡು ಹೋಗಮ್ಮಾ’ ಅಂತಾರೆ. ಯಾವ ಮನೆಗೆ ಕರ್ಕೊಂಡು ಹೋಗಲಿ ನಾನು?”

ಗಂಡ ಡಬ್ಬದ ತಳದಿಂದ ಒಂದು ಹಿತ್ತಾಳೆ ಹಿಡಿ ಎತ್ತಿದ. “ಇದಾ?”

ಅವಳು ಕಣ್ಣು ಮುಚ್ಚಿ ಸವರಿದಳು. “ಅಲ್ಲ, ಇದು ಅಡುಗೆಮನೆದು. ಅವರದಕ್ಕೆ ಹೆಬ್ಬೆರಳಿಡೋ ಕಡೆ ಗುಳಿ ಬಿದ್ದಿದೆ.”

“ಇದು?”

“ಹೂಂ. ಇದೇ.”

“ಕೊಕ್ಕೆ ಪೂರಾ ಸವೆದಿದೆ ಕಣೇ. ಮತ್ತೆ ಬಡ್ಕೊಳ್ಳುತ್ತೆ.”

“ಬಡ್ಕೊಳ್ಳಲಿ ಬಿಡಿ. ಅವರು ಅಳೋದು ಕೇಳೋದಕ್ಕಿಂತ ವಾಸಿ.”

“ಕೊಕ್ಕೆಗೆ ಒಂದು ತುಂಡು ಚರ್ಮ ಸುತ್ತಿದ್ರೆ ಬಿಗಿಯಾಗಿ ಕೂರುತ್ತೆ,” ಎಂದು ಬಡಗಿ ಗದರಿದ. ಬೈಯಲೆಂದೇ ತೆರೆದ ಬಾಯಿ ಅದು.

ಗಂಡ ತಲೆಯಾಡಿಸಿ ಹಿಡಿಯನ್ನು ಜೇಬಿಗಿಳಿಸಿದ. ಇಬ್ಬರೂ ಮೆಟ್ಟಿಲಿಳಿದರು.

“ಹಾಕೋವಾಗ ಅತ್ತೇನ ಪಕ್ಕದಲ್ಲೇ ಕೂರಿಸ್ಕೊಳ್ಳಿ,” ಅನ್ನುತ್ತಿದ್ದಳು ಅವಳು. “ಈ ಸಲನಾದ್ರೂ ಅವರಿಗೆ ಹೇಳಿ ಮಾಡಿ.”