ಒಬ್ಬರಿಗೋಸ್ಕರ ತೆರೆಯದ ಬಾಗಿಲು

ನೋಡಿ, ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ನಾನು ಪ್ರವಚನ ಶುರು ಮಾಡಿದ ಕೂಡಲೇ ನೀವೆಲ್ಲ ಆರಾಮಾಗಿ ಒರಗಿ ಕೂರ್ತೀರಿ. ಶ್ರೀಮಂತ ಅಂದರೆ ನಾವಲ್ಲವಲ್ಲ ಅಂತ. ಅದಕ್ಕೇ ಇವತ್ತು ಶ್ರೀಮಂತ ಬೇಡ. ಆಡಳಿತ ಮಂಡಳಿಯಲ್ಲಿ ಒಂದು ಕುರ್ಚಿ ಬೇಕು ಅಂತ ಹಂಬಲಿಸಿದ ಮನುಷ್ಯನ ಕಥೆ ಹೇಳ್ತೀನಿ. ಯಾಕೆ, ಮುಂದಿನ ಸಾಲಲ್ಲಿ ಕೆಲವರು ನೆಟ್ಟಗೆ ಕೂತ್ರಿ?

ಹೆದರಬೇಡಿ, ಊರು ನಮ್ಮದಲ್ಲ, ಯುರೋಪಿನದು. ಅಲ್ಲೊಂದು ವಿಶ್ವವಿದ್ಯಾಲಯ. ಅದರ ಕಂಪ್ಯೂಟರ್ ವಿಭಾಗಕ್ಕೆ ಈತ ಮುಖ್ಯಸ್ಥ. ಬುದ್ಧಿವಂತ, ಮಾತುಗಾರ, ಕೆಟ್ಟವನೇನಲ್ಲ. ಯುರೋಪಿನ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ವಿಭಾಗಗಳೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದವು. ಆ ಸಂಘದ ಮಂಡಳಿಗೆ ತಾನು ಆರಿಸಿ ಬರಬೇಕು ಅನ್ನೋ ಆಸೆ ಇವನ ಎದೆಯಲ್ಲಿ ಕೂತುಬಿಟ್ಟಿತ್ತು. ಸಂಬಳ ಉಂಟಾ? ಇಲ್ಲ. ಕಾರು ಉಂಟಾ? ಇಲ್ಲ. ಕುರ್ಚಿ ಉಂಟು. ಕುರ್ಚಿ ಇದ್ದ ಮೇಲೆ ಇನ್ನೇನು ಬೇಕ್ರೀ?

ಸರಿ, ಶುರುವಾಯ್ತು ಓಡಾಟ. ಇವತ್ತು ಒಂದು ದೇಶದಲ್ಲಿ ಸಮ್ಮೇಳನ, ನಾಳೆ ಇನ್ನೊಂದರಲ್ಲಿ. ಎಲ್ಲಿ ಹೋದರೂ ಅವನದು ಒಂದೇ ಭಾಷಣ: ‘ಬಳಕೆದಾರರ ಮಾತಿಗೆ ಕಿವಿಗೊಡಿ.’ ಜನ ಚಪ್ಪಾಳೆ ತಟ್ಟೋರು. ಆ ಚಪ್ಪಾಳೆ ನಡುವೆ ಜೇಬಲ್ಲಿ ಫೋನು ಗುಂಯ್ ಅನ್ನೋದು. ತನ್ನ ವಿಭಾಗದಿಂದಲೇ ಕರೆ. ಆತ ಜೇಬೊಳಗೇ ಕೈ ಹಾಕಿ ಕತ್ತರಿಸೋನು. ಕಿವಿಗೊಡಿ ಅಂತ ಹೇಳ್ತಾನೇ ಕತ್ತರಿಸೋನು. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಈಗ ಆ ಸಂಘದ ಒಂದು ಪದ್ಧತಿ ಹೇಳಬೇಕು. ನೀವು ಯಾರು ಅಂತ ಸಂಘ ನಿಮ್ಮನ್ನ ಕೇಳೋದೇ ಇಲ್ಲ. ಅದರ ಕಂಪ್ಯೂಟರು ನೇರ ನಿಮ್ಮ ವಿಶ್ವವಿದ್ಯಾಲಯದ ಕಂಪ್ಯೂಟರನ್ನ ಕೇಳುತ್ತೆ: ಇವರು ನಿಮ್ಮವರಾ? ಅಲ್ಲಿಂದ ‘ಹೂಂ, ನಮ್ಮವರೇ’ ಅಂತ ಬಂದರೆ ಮಾತ್ರ ಬಾಗಿಲು ತೆರೆಯುತ್ತೆ. ಎಷ್ಟು ಚೆನ್ನಾಗಿದೆ ನೋಡಿ. ನಿನ್ನ ಬಗ್ಗೆ ನೀನು ಹೇಳಿದರೆ ನಡೆಯಲ್ಲ, ನಿನ್ನ ಮನೆ ಹೇಳಬೇಕು.

ಹಾಗೆ ಹೇಳೋ ಯಂತ್ರಕ್ಕೆ ಆಗಾಗ ಹೊಸ ಪ್ರಮಾಣಪತ್ರ ಹಾಕಿಸಬೇಕು. ನಮ್ಮ ಅಂಗಡಿ ತಕ್ಕಡಿಗೆ ಮುದ್ರೆ ಹೊಡೆಸ್ತೀವಲ್ಲ, ಹಾಗೆ. ಅವಧಿ ಮುಗಿದರೆ ಅದರ ಮಾತನ್ನ ಯಾರೂ ನಂಬಲ್ಲ. ದೊಡ್ಡ ಕೆಲಸ ಏನಲ್ಲ, ಮುಖ್ಯಸ್ಥ ಒಮ್ಮೆ ಒಪ್ಪಿಗೆ ಒತ್ತಿದರೆ ಸಾಕು. ಅವನ ಕೈಕೆಳಗಿನ ಅಧಿಕಾರಿ ಒಬ್ಬ ಹೆಣ್ಣುಮಗಳು. ಆಕೆ ನೆನಪಿಸಿದಳು, ಮತ್ತೆ ನೆನಪಿಸಿದಳು. ಚುನಾವಣೆ ಮುಗೀಲಿ ಅಂದ. ನೀವು ಹೇಳಲ್ವಾ? ಮದುವೆ ಮುಗೀಲಿ, ಹಬ್ಬ ಮುಗೀಲಿ, ಈ ಒಂದು ಚುನಾವಣೆ ಮುಗೀಲಿ. ನಾಳೆ ಎಂದವನ ಮನೆ ಹಾಳು ಅಂತ ಹಿರಿಯರು ಸುಮ್ಮನೆ ಹೇಳಿದರಾ?

ಚುನಾವಣೆ ಮುಗೀತು, ಗೆದ್ದ. ಹೌದ್ರೀ, ಭರ್ಜರಿಯಾಗಿ ಗೆದ್ದ. ಕೈಕುಲುಕಿದ್ದೇ ಕುಲುಕಿದ್ದು, ಹಲ್ಲು ಕಿಸಿದದ್ದೇ ಕಿಸಿದದ್ದು. ಒಂದೇ ಬಾಕಿ. ಗೆದ್ದವನು ಅದೇ ಸಂಜೆಯೊಳಗೆ ಸಂಘದ ಬಾಗಿಲು ಹೊಕ್ಕು ‘ಸ್ಥಾನ ಒಪ್ಪಿದೆ’ ಅನ್ನಬೇಕು. ತಪ್ಪಿದರೆ ಕುರ್ಚಿ ಮುಂದಿನವರಿಗೆ. ಆತ ಗತ್ತಿನಿಂದ ವೇದಿಕೆ ಮೇಲೆಯೇ ಕೂತು ತನ್ನ ಪಾಸ್‌ವರ್ಡ್ ಒತ್ತಿದ. ಪರದೆ ಮೇಲೆ ಬಂತು: ನಿಮ್ಮ ವಿಶ್ವವಿದ್ಯಾಲಯದ ಮಾತನ್ನು ನಂಬಲಾಗುತ್ತಿಲ್ಲ.

ಸಭೆಯಲ್ಲಿ ಯಾರೂ ನಗಲಿಲ್ಲ, ಮರ್ಯಾದಸ್ಥರು. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ನಕ್ಕಿದ್ದರೇ ವಾಸಿ ಇತ್ತು ಅನ್ನಿಸಿತು ಅವನಿಗೆ. ಮೂಲೆಗೆ ಓಡಿ ಆ ಹೆಣ್ಣುಮಗಳಿಗೆ ಕರೆ ಮಾಡಿದ. ಆಕೆ ಒಂದೇ ಸಮನೆ ಹೇಳಿದಳು: ಬೆಳಿಗ್ಗೆಯೇ ಪ್ರಮಾಣಪತ್ರದ ಅವಧಿ ಮುಗೀತು, ಇವತ್ತು ಪ್ರಬಂಧ ಒಪ್ಪಿಸೋಕೆ ಕೊನೇ ದಿನ, ಪ್ರಬಂಧ ಒಪ್ಪಿಸೋ ತಾಣವೂ ಇದೇ ಯಂತ್ರವನ್ನ ಕೇಳೋದು, ಒಬ್ಬ ವಿದ್ಯಾರ್ಥಿಗೂ ಒಳಗೆ ಹೋಗೋಕೆ ಆಗ್ತಿಲ್ಲ, ಮಕ್ಕಳು ಅಳ್ತಾ ಕಾರಿಡಾರಲ್ಲಿ ನಿಂತಿದ್ದಾರೆ, ನೀವು ಫೋನ್ ಎತ್ತಲಿಲ್ಲ.

ಇಷ್ಟು ಕೇಳಿದ ಮೇಲೆ ಆತ ಏನು ಕೇಳಬೇಕಿತ್ತು? ನೀವೇ ಹೇಳಿ. ಆತ ಕೇಳಿದ್ದು ಇದು:

“ಸದ್ಯಕ್ಕೆ ನನ್ನೊಬ್ಬನನ್ನ ಒಳಗೆ ಬಿಡೋಕಾಗುತ್ತಾ?”

ಆಕೆ ಅಂದಳು:

“ಸರ್, ಈ ಬಾಗಿಲು ಒಬ್ಬರಿಗೋಸ್ಕರ ತೆರೆಯಲ್ಲ. ತೆರೆದರೆ ಎಲ್ಲರಿಗೂ ತೆರೆಯುತ್ತೆ. ಇಲ್ಲಾಂದ್ರೆ ನಿಮಗೂ ಇಲ್ಲ.”

ಆತ ಅಲ್ಲಿಂದಲೇ ಒಪ್ಪಿಗೆ ಕೊಟ್ಟ. ಆದರೆ ಪ್ರಮಾಣಪತ್ರ ಕೊಡೋ ಕಚೇರಿಯವರು ಎಲ್ಲ ಪರಿಶೀಲಿಸಿ ಮುಗಿಸೋ ಹೊತ್ತಿಗೆ ಸಂಜೆ ದಾಟಿತ್ತು. ಮಕ್ಕಳಿಗೆ ವಿಶ್ವವಿದ್ಯಾಲಯ ಇನ್ನೊಂದು ದಿನ ಗಡುವು ಕೊಟ್ಟಿತು. ಇವನಿಗೆ ಸಂಘ ಕೊಡಲಿಲ್ಲ. ಸೋತವನು ಬಂದು ಕುರ್ಚಿ ಮೇಲೆ ಕೂತ.

ಅವನು ಕುರ್ಚಿ ಕಳೆದುಕೊಂಡಿದ್ದು ಯಾವಾಗ? ಸಂಜೆ ಅಂತೀರಾ? ಅಲ್ಲ. ಮಕ್ಕಳು ಅಳ್ತಿದ್ದಾರೆ ಅಂತ ಕೇಳಿಯೂ ‘ನನ್ನೊಬ್ಬನನ್ನ’ ಅಂದನಲ್ಲ, ಆಗಲೇ ಕಳೆದುಕೊಂಡ. ನನಗೆ ಸಿಟ್ಟು ಬರೋದು ಅದಕ್ಕೇ.

ಈಗ ನಮ್ಮ ವಿಷಯ. ಪತ್ತಿನ ಸಂಘದ ಚುನಾವಣೆ ಬಂದಿದೆ. ನಿನ್ನೆಯಿಂದ ಆಶೀರ್ವಾದಕ್ಕೆ ನನ್ನ ಹತ್ತಿರ ಸಾಲು ಹಚ್ಚಿದೀರಿ. ಅಂದಾನೆಪ್ಪನವರೇ, ಆಚೆ ನೋಡಬೇಡಿ, ನಿಮಗೊಬ್ಬರಿಗೇ ಹೇಳ್ತಿಲ್ಲ. ಈ ವೇದಿಕೆ ಮೇಲೆ ನನ್ನ ಪಕ್ಕದ ಕುರ್ಚಿಗೂ ಬೆಳಿಗ್ಗೆ ಜಗಳ ಆಗಿದೆ, ನನಗೆ ಗೊತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಆಗಬೇಡ್ರಪ್ಪಾ. ನಿಮ್ಮ ಒಂದು ಹೂಂಗಾಗಿ ಕಾಯ್ತಾ ಇರೋ ಕೆಲಸ ನಿಮ್ಮ ಮನೆಯಲ್ಲಿದೆ, ಅಂಗಡಿಯಲ್ಲಿದೆ, ಓಣಿಯಲ್ಲಿದೆ. ಇವತ್ತು ಮನೆಗೆ ಹೋಗಿ ಹೆಂಡತಿಯನ್ನ ಕೇಳಿ, ಅಂಗಡಿ ಆಳನ್ನ ಕೇಳಿ: ನನ್ನಿಂದ ಏನು ನಿಂತಿದೆ? ಅವರು ಹೇಳಿದ್ದನ್ನ ಇವತ್ತೇ ಮಾಡಿ. ಆಮೇಲೆ, ನಾನು ಚುನಾವಣೆಗೆ ನಿಲ್ಲಲಾ ಅಂತ ಅವರನ್ನೇ ಕೇಳಿ. ಅವರು ಹೂಂ ಅಂದರೆ ಬನ್ನಿ, ಆಶೀರ್ವಾದ ಮಾಡ್ತೀನಿ. ಅವರು ಸುಮ್ಮನಾದರೆ ಇಲ್ಲಿಗೆ ಬರಬೇಡಿ, ಅವರ ಹತ್ತಿರವೇ ಕೂತ್ಕೊಳ್ಳಿ.